ಕಾಂಗೋ ಸ್ವತಂತ್ರವಾದ ಐದೇ ದಿನಕ್ಕೆ ಸೈನ್ಯ ಯಾಕೆ ತಿರುಗಿಬಿತ್ತು?

ಹಾಸನದ ಮೇಷ್ಟ್ರು:
ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಕೇಳಿದಳು: "ಸರ್, ಕಾಂಗೋಗೆ 1960ರ ಜೂನ್ 30ಕ್ಕೆ ಬೆಲ್ಜಿಯಂನಿಂದ ಸ್ವಾತಂತ್ರ್ಯ ಬಂತು. ಜುಲೈ 5ಕ್ಕೆ ಸೈನಿಕರು ದಂಗೆ ಎದ್ದರು. ನಮ್ಮಲ್ಲಿ ಯಾಕೆ ಹಾಗಾಗಲಿಲ್ಲ?" ನಮಗೆ ಗಾಂಧಿ, ನೆಹರು ಇದ್ದರು ಅಂದುಬಿಟ್ಟೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅವರಿಗೂ ಮೊದಲ ಪ್ರಧಾನಿ ಲುಮುಂಬಾ ಇದ್ದರಲ್ವಾ? ತಿಳಿದವರು ಹೇಳಿ.

ಓದುಗ ಧಾರವಾಡ:
ಬುಡಕಟ್ಟುಗಳ ಜಗಳವೇ ಕಾರಣ ಅಂತ ಓದಿದ ನೆನಪು ಸರ್.

ವಿರಾಜಪೇಟೆಯವ:
ಬುಡಕಟ್ಟಿನ ಜಗಳ ಇತ್ತು, ನಿಜ. ಆದರೆ ಆ ದಂಗೆ ಹುಟ್ಟಿದ್ದು ಅದರಿಂದಲ್ಲ.

ಮೇಷ್ಟ್ರೇ, ನಮ್ಮ ಅಪ್ಪ 1961ರಲ್ಲಿ ವಿಶ್ವಸಂಸ್ಥೆ ಪಡೆಯ ಜೊತೆ ಕಾಂಗೋಗೆ ಹೋಗಿದ್ದರು. ಎಲಿಜಬೆತ್‌ವಿಲ್‌ನಲ್ಲಿದ್ದರು, ಈಗಿನ ಲುಬುಂಬಾಶಿ. ಆ ಊರಿನ ಮಾತು ಬಂದಾಗಲೆಲ್ಲ ಹೇಳುತ್ತಿದ್ದರು: "ಅವರ ಸೈನ್ಯದಲ್ಲಿ ಒಬ್ಬ ಕಾರ್ಯಪ್ಪ ಇರಲಿಲ್ಲ ಮಗ." ಚಿಕ್ಕವನಿದ್ದಾಗ ಇದು ಕೊಡಗಿನವರ ಹೆಮ್ಮೆ ಅಂದುಕೊಂಡಿದ್ದೆ. ದೊಡ್ಡವನಾಗಿ ಓದಿದ ಮೇಲೆ ಅರ್ಥ ಆಯಿತು.

ಅಲ್ಲಿನ ಸೈನ್ಯದ ಹೆಸರು ಫೋರ್ಸ್ ಪಬ್ಲಿಕ್. ಸುಮಾರು 25,000 ಸೈನಿಕರು, ಎಲ್ಲ ಕಾಂಗೋದವರು. ಸುಮಾರು 1,000 ಅಧಿಕಾರಿಗಳು, ಎಲ್ಲ ಬೆಲ್ಜಿಯಂನವರು. ಸ್ವಾತಂತ್ರ್ಯದ ದಿನವೂ ಕಾಂಗೋದ ಒಬ್ಬೇ ಒಬ್ಬ ಅಧಿಕಾರಿ ಇರಲಿಲ್ಲ. ಮಂತ್ರಿಗಳು ಬದಲಾದರು, ಸೈನಿಕನ ಮೇಲಿದ್ದ ಬಿಳಿ ಸಾಹೇಬ ಬದಲಾಗಲಿಲ್ಲ. ಜುಲೈ 5ರಂದು ದಂಡನಾಯಕ ಜನರಲ್ ಯಾನ್ಸೆನ್ಸ್ ಸೈನಿಕರನ್ನು ಸೇರಿಸಿ ಕಪ್ಪು ಹಲಗೆ ಮೇಲೆ ಬರೆದ: "ಸ್ವಾತಂತ್ರ್ಯಕ್ಕೆ ಮುಂಚೆ = ಸ್ವಾತಂತ್ರ್ಯದ ನಂತರ." ಅವತ್ತೇ ಬೆಂಕಿ ಹತ್ತಿತು.

ಈಗ ನಮ್ಮದು ನೋಡಿ. ಕಾರ್ಯಪ್ಪ ಅಧಿಕಾರಿಯಾಗಿ ಸೇರಿದ್ದು 1919ರಲ್ಲಿ. ಭಾರತದ ಮೊದಲ ಭಾರತೀಯ ದಂಡನಾಯಕ ಆದದ್ದು 1949ರ ಜನವರಿ 15ಕ್ಕೆ. ಮೂವತ್ತು ವರ್ಷ. 1955ರಲ್ಲಿ ವಾನ್ ಬಿಲ್ಸೆನ್ ಎಂಬ ಬೆಲ್ಜಿಯಂನ ಪ್ರೊಫೆಸರ್ ಕೂಡ ಇಷ್ಟೇ ಹೇಳಿದ್ದರು, ಕಾಂಗೋವನ್ನು ಸಿದ್ಧಮಾಡಲು 30 ವರ್ಷ ಬೇಕು ಅಂತ. ಅವರ ಸರ್ಕಾರಕ್ಕೆ ಸಿಟ್ಟು ಬಂತು. ಕೊನೆಗೆ ಕೊಟ್ಟದ್ದು ಬರೀ ಐದು ತಿಂಗಳು. ಪ್ರಾಥಮಿಕ ಶಾಲೆಗಳು ಬೇಕಾದಷ್ಟಿದ್ದವು, ಆದರೆ ಇಡೀ ದೇಶದಲ್ಲಿ ಪದವೀಧರರು 30 ಜನ ಕೂಡ ಇರಲಿಲ್ಲ. ಇದು ಮರೆವಲ್ಲ. ಮೇಲೆ ಬರಬಾರದು ಅಂತಲೇ ಮಾಡಿದ ಕೆಲಸ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೂನ್ 30ರ ಸಮಾರಂಭದಲ್ಲಿ ಬೆಲ್ಜಿಯಂ ದೊರೆ ಬೋದುವ್ಯಾಂ ಎರಡನೇ ಲಿಯೊಪೋಲ್ಡನನ್ನು ಹೊಗಳಿದ. ರಬ್ಬರಿಗಾಗಿ ಕಾಂಗೋದ ಜನರನ್ನು ಹಿಂಡಿದ ಅದೇ ಲಿಯೊಪೋಲ್ಡ್. ಆಗ ಲುಮುಂಬಾ ಎದ್ದು ಮಾತಾಡಿದರು. ಬಿಳಿಯರು ಕರಿಯರನ್ನು ಏಕವಚನದಲ್ಲಿ ಕರೆಯುತ್ತಿದ್ದರು, ಅದು ಸಲಿಗೆಯಿಂದಲ್ಲ, ಬಹುವಚನ ಬಿಳಿಯರಿಗೆ ಮಾತ್ರ ಮೀಸಲಿತ್ತು ಅಂದರು. ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು, ನೀವು ಇದೆ. ಇಂಗ್ಲಿಷಿನಲ್ಲಿ ಓದಿದವರಿಗೆ ಈ ಮಾತು ಅಷ್ಟು ತಾಗಲಿಕ್ಕಿಲ್ಲ. ಮುದುಕಪ್ಪನನ್ನು ಬೇರೆ ಊರಿನ ಹುಡುಗ "ಏಯ್, ಬಾರೋ" ಅನ್ನುವುದನ್ನು ಕಂಡ ಕನ್ನಡದವರಿಗೆ ತಾಗುತ್ತದೆ.

ಶಿರಸಿ ಹೆಗಡೆ:
ಒಳ್ಳೆಯ ಉತ್ತರ. ಆದರೆ ಎರಡು ಮಾತು. ನಮ್ಮಲ್ಲೂ ಎಲ್ಲ ಸುಸೂತ್ರ ಆಗಲಿಲ್ಲ, ವಿಭಜನೆಯಲ್ಲಿ ಲಕ್ಷಾಂತರ ಜನ ಸತ್ತರು. ಇನ್ನು, ಅಧಿಕಾರಿಗಳಿದ್ದಿದ್ದರೂ ಕಾಂಗೋವನ್ನು ಸುಮ್ನೆ ಬಿಡುತ್ತಿದ್ದರಾ? ಎಲಿಜಬೆತ್‌ವಿಲ್ ಇರುವ ಕಟಾಂಗ ಪ್ರಾಂತ್ಯದಲ್ಲಿ ತಾಮ್ರ ಇತ್ತು. ಜುಲೈ 11ಕ್ಕೇ ಅಲ್ಲಿನ ನಾಯಕ ಶೋಂಬೆ ಕಟಾಂಗ ಬೇರೆ ದೇಶ ಅಂದ. ಗಣಿ ಕಂಪನಿ ಯೂನಿಯೋ ಮಿನಿಯೆರ್ ತೆರಿಗೆಯನ್ನು ಅವನಿಗೇ ಕಟ್ಟಿತು. ಹೊಸ ಸರ್ಕಾರದ ಬೊಕ್ಕಸಕ್ಕೆ ಏನು ಉಳಿಯಿತು?

ವಿರಾಜಪೇಟೆಯವ:
ಒಪ್ಪಿದೆ ಹೆಗಡೆಯವರೇ. 1961ರ ಜನವರಿ 17ಕ್ಕೆ ಲುಮುಂಬಾ ಅವರನ್ನು ಕೊಂದದ್ದೂ ಕಟಾಂಗದಲ್ಲೇ. ಗುಂಡು ಹಾರಿಸುವಾಗ ಬೆಲ್ಜಿಯಂನ ಅಧಿಕಾರಿಗಳು ಅಲ್ಲಿದ್ದರು. ಅದೇ ವರ್ಷ ಡಿಸೆಂಬರ್ 5ಕ್ಕೆ ಎಲಿಜಬೆತ್‌ವಿಲ್‌ನಲ್ಲಿ ನಮ್ಮ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ತೀರಿಕೊಂಡರು. ಪರಮವೀರ ಚಕ್ರ ಬಂತು. ಅಪ್ಪ ಅವರ ಹೆಸರು ಹೇಳುವಾಗ ಎದ್ದು ನಿಲ್ಲುತ್ತಿದ್ದರು. ಅಲ್ಲಿಂದ ತಂದ ಒಂದು ತಾಮ್ರದ ತಟ್ಟೆ ಇನ್ನೂ ನಮ್ಮ ಮನೆಯಲ್ಲಿದೆ.

ಹಾಸನದ ಮೇಷ್ಟ್ರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆ ಮೊದಲ ಪೀರಿಯಡ್ಡೇ ನನ್ನದು. ನಾನು ಹೇಳಿದ ಉತ್ತರ ಸಾಲದು ಅಂತ ಆ ಹುಡುಗಿಗೆ ಹೇಳಿ, ಬೋರ್ಡ್ ಮೇಲೆ ಮೊದಲು 1919, 1949 ಬರೆಯುತ್ತೇನೆ. ಆ ತಟ್ಟೆಯ ಒಂದು ಫೋಟೊ ಹಾಕುತ್ತೀರಾ? ಮಕ್ಕಳಿಗೆ ತೋರಿಸಬೇಕು.