ಅಪ್‌ಡೇಟ್: ಸೀರಿಯಲ್ ಪೋರ್ಟ್‌ನಲ್ಲಿ ಬೈಟ್ ಕಳೆದುಹೋಗುತ್ತಿದ್ದ ಸಮಸ್ಯೆ ಬಗೆಹರಿಯಿತು

ನೆನಪಿದೆ ಅಲ್ವಾ? ಡೇಟಾ ಲಾಗರ್‌ನಿಂದ (ಅಳತೆಗಳನ್ನು ದಾಖಲಿಸುವ ಸಾಧನ) ಹಳೆಯ ಲಿನಕ್ಸ್ ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್‌ಗೆ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಮಾಹಿತಿ ಕಳಿಸುವಾಗ ಮಧ್ಯೆ ಮಧ್ಯೆ ಬೈಟ್‌ಗಳು ಮಾಯವಾಗುತ್ತಿವೆ, ಯಾವ ಸೀರಿಯಲ್ ಕಾರ್ಡ್ ತಗೊಳ್ಳಲಿ ಎಂದು ಕೇಳಿದ್ದೆ. ಮೊದಲು ಪೋರ್ಟ್ ನಡೆಸುವ ಚಿಪ್ ಯಾವುದು ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಪೋರ್ಟ್‌ನ ವಿವರ ತೋರಿಸುವ ಸೆಟ್‌ಸೀರಿಯಲ್ ಕಮಾಂಡ್ ಓಡಿಸಿದೆ. ಪರದೆಯ ಮೇಲೆ ಚಿಪ್‌ನ ಹೆಸರು 16450 ಎಂದು ಬಂತು. ಅದರಲ್ಲಿ ಒಂದೇ ಬೈಟ್‌ಗೆ ಜಾಗ. ಈ ವೇಗದಲ್ಲಿ (ಆರಂಭ, ಅಂತ್ಯದ ಬಿಟ್ ಸೇರಿ ಬೈಟ್‌ಗೆ 10 ಬಿಟ್) ಸೆಕೆಂಡಿಗೆ 11,520 ಬೈಟ್, ಅಂದರೆ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಅಷ್ಟರೊಳಗೆ ಕಂಪ್ಯೂಟರ್ ಎತ್ತಿಕೊಳ್ಳದಿದ್ದರೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಡಿಸ್ಕ್‌ಗೆ ಬರೆಯುವಾಗಲೇ ಜಾಸ್ತಿ ಕಳೆದುಹೋಗುತ್ತಿದ್ದುದು ಇದಕ್ಕೇ. 16550ಎ ಚಿಪ್ ಹಾಕಿದ್ದರೆ 16 ಬೈಟ್‌ಗೆ ಜಾಗ ಸಿಗುತ್ತಿತ್ತು. ನಾನು 16ಸಿ950 ಚಿಪ್ ಇರುವ ಪಿಸಿಐ ಕಾರ್ಡ್ ತಗೊಂಡೆ. 128 ಬೈಟ್ ಬಫರ್ (ಬಂದ ಬೈಟ್‌ಗಳು ಕಾಯುವ ಜಾಗ), ಹತ್ತಿರ ಹತ್ತಿರ 11 ಮಿಲಿಸೆಕೆಂಡ್ ಉಸಿರಾಡಲು ಸಮಯ.

ಆಮೇಲೆ ಕೇಬಲ್. ಕನೆಕ್ಟರ್ ಬಿಚ್ಚಿ ನೋಡಿದರೆ ಮೂರೇ ತಂತಿ! 'ಕಳಿಸು' ಅಥವಾ 'ನಿಲ್ಲಿಸು' ಎಂದು ಸೂಚಿಸುವ ಆರ್‌ಟಿಎಸ್, ಸಿಟಿಎಸ್ ಪಿನ್ ಎರಡೂ ಖಾಲಿ. ಸೆಟ್ಟಿಂಗ್‌ನಲ್ಲಿ ಫ್ಲೋ ಕಂಟ್ರೋಲ್ (ಈ ಸೂಚನೆಗಳಂತೆ ಡೇಟಾ ತಡೆಯುವ ವ್ಯವಸ್ಥೆ) ಆನ್ ಮಾಡಿ ಏನು ಪ್ರಯೋಜನ? ಆ ಎರಡು ತಂತಿ ಬೆಸುಗೆ ಹಾಕಿದೆ. 16ಸಿ950 ಚಿಪ್ ತನ್ನ ಬಫರ್ ತುಂಬುತ್ತಾ ಬಂದಾಗ ತಾನೇ ಆರ್‌ಟಿಎಸ್ ಇಳಿಸಿ 'ನಿಲ್ಲಿಸು' ಎನ್ನುತ್ತದೆ, ಸಾಫ್ಟ್‌ವೇರ್‌ಗೆ ಕಾಯುವುದಿಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಕಾರ್ಡ್ ಬದಲು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಸಾಕು ಎಂದೂ ಕೆಲವರು ಹೇಳಿದ್ದರು. ಲ್ಯಾಪ್‌ಟಾಪ್‌ಗೆ ಅದೇ ಸರಿ. ನನ್ನಲ್ಲಿ ಪಿಸಿಐ ಸ್ಲಾಟ್ ಖಾಲಿ ಇತ್ತು.

ನಿನ್ನೆ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ಓವರ್‌ರನ್ (ಎತ್ತಿಕೊಳ್ಳುವ ಮೊದಲೇ ಬೈಟ್ ಕಳೆದುಹೋದ) ಲೆಕ್ಕ ನೋಡಿದರೆ ಸೊನ್ನೆ.