ಸಹಾಯ ಬೇಕು: ಕೋಕೋಪೀಟ್‌ನಲ್ಲಿ ಬೆಳೆದ ಗಿಡಗಳನ್ನು ನೀರಿಗೆ ವರ್ಗಾಯಿಸುವುದು ಹೇಗೆ?

ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರ ಖನಿಜದ ಹರಳು) ಮಿಶ್ರಣದಲ್ಲಿ ಲೆಟಿಸ್ ಬೆಳೆಯುತ್ತಿರುವ ನಾನು, ದಿನವೂ ಕೈಯಾರೆ ಪೋಷಕ ದ್ರಾವಣ ಹಾಕುವ ಕೆಲಸ ತಪ್ಪಲೆಂದು, ಪಂಪ್ ಬೇಡದ ಕ್ರಾಟ್ಕಿ ವಿಧಾನಕ್ಕೆ (ಡಬ್ಬಿಯಲ್ಲಿ ನಿಂತ ಪೋಷಕ ದ್ರಾವಣದಲ್ಲಿ ಬೇರು ಇಳಿಬಿಟ್ಟು ಗಿಡ ಬೆಳೆಸುವುದು) ಬದಲಾಗುತ್ತಿದ್ದೇನೆ. ಡಬ್ಬಿಯೊಳಗೆ ಬೆಳಕು ಹೋಗುವುದಿಲ್ಲ. ದ್ರಾವಣದ ಪಿಎಚ್ 5.8ರ ಆಸುಪಾಸಿನಲ್ಲಿದೆ, ಇಸಿ (ಕರಗಿದ ಪೋಷಕಾಂಶದ ಪ್ರಮಾಣ ಸೂಚಿಸುವ ವಿದ್ಯುತ್ ವಾಹಕತೆ) 1.2 ಇದೆ. ಹಾಗಾಗಿ ತೊಂದರೆ ದ್ರಾವಣದಲ್ಲಿಲ್ಲ ಎಂದು ನನ್ನ ಅಂದಾಜು.

ಸ್ಪಂಜಿನಲ್ಲೇ ಮೊಳಕೆಯೊಡೆದ ಸಸಿಗಳು ಚೆನ್ನಾಗಿವೆ. ಆದರೆ ಕೋಕೋಪೀಟ್‌ನಿಂದ ಬಿಡಿಸಿ, ಬೇರು ತೊಳೆದು ನೆಟ್ ಪಾಟ್‌ನಲ್ಲಿ (ಜಾಲರಿಯಂಥ ಸಣ್ಣ ಕುಂಡ) ಕೂರಿಸಿದ ದೊಡ್ಡ ಗಿಡಗಳು ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತವೆ. ಎಷ್ಟೇ ತೊಳೆದರೂ ನಾರಿನ ಪುಡಿ ಸಣ್ಣ ಬೇರುಗಳಿಗೆ ಅಂಟಿಕೊಂಡೇ ಇರುತ್ತದೆ (ಜೋರಾಗಿ ಉಜ್ಜಿದರೆ ಬೇರೇ ಕಿತ್ತು ಬರುತ್ತದೆ), ಮುಳುಗಿದ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗುತ್ತಿವೆ. ದ್ರಾವಣವನ್ನು ಹೊಸದಾಗಿ ಬದಲಿಸಿಯೂ ನೋಡಿದೆ. ನೀರಿನ ಮಟ್ಟ ತಗ್ಗಿಸಿದರೆ ಬಾಡುವುದು ಹೆಚ್ಚುತ್ತದೆ, ಏರಿಸಿದರೆ ಲೋಳೆ ಹೆಚ್ಚುತ್ತದೆ.

ಈ ವಿಧಾನದಲ್ಲಿ ನೀರು ಮೆಲ್ಲಗೆ ಇಳಿದಂತೆ ಮೇಲ್ಭಾಗದ ಬೇರುಗಳು ಗಾಳಿಯಿಂದ ಆಮ್ಲಜನಕ ಪಡೆಯಲು ಒಗ್ಗಿಕೊಳ್ಳುತ್ತವೆ ಎಂಬುದು ಗೊತ್ತು. ಆದರೆ ಪೂರ್ತಿ ಬೆಳೆದ ಬೇರಿಗೆ ಆ ಅವಕಾಶವೇ ಸಿಗುತ್ತಿಲ್ಲ. ಇಂಥ ಗಿಡಗಳಿಗೆ ಆರಂಭದಲ್ಲಿ ಬೇರಿನ ಎಷ್ಟು ಭಾಗ ಮುಳುಗಿರಬೇಕು, ಮತ್ತು ಹೊಸ ಬಿಳಿ ಬೇರು ಬರುವವರೆಗೆ ಏರ್ ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಲೇಬೇಕೇ? ಅಥವಾ ಇವುಗಳನ್ನು ಕೋಕೋಪೀಟ್‌ನಲ್ಲೇ ಕೊಯ್ಲಿನವರೆಗೆ ಬಿಟ್ಟು, ನೀರಿಗೆ ಹೊಸ ಸಸಿಗಳನ್ನಷ್ಟೇ ಇಡುವುದು ಸರಿಯೇ?