ಪದಚರ್ಚೆ: ಬ್ರೇಕ್ ‘ಲೈನರ್’ ಅಂದರೆ ಯಾವುದು? ‘ಅಟ್ಟೆ’ ಅನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಹಳೆಯ ಕಾರು ಇಟ್ಟುಕೊಂಡವರು ಬ್ರೇಕಿನ ಬಿಡಿಭಾಗಗಳನ್ನು ಹೇಗೆ ಹುಡುಕಿಕೊಳ್ಳಬೇಕು ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡ್ರಮ್ ಬ್ರೇಕಿನ ಅಧ್ಯಾಯದಲ್ಲಿ ಒಂದೇ ಒಂದು ಪದ ನನ್ನನ್ನು ವಾರದಿಂದ ಕಟ್ಟಿಹಾಕಿದೆ: ಲೈನರ್.

ಮೊದಲು ವಸ್ತು ಯಾವುದೆಂದು ಹೇಳಿಬಿಡುತ್ತೇನೆ. ಗಾಲಿಯ ಜೊತೆಗೇ ತಿರುಗುವ ಡ್ರಮ್ಮಿನ ಒಳಗೆ ಬಿಲ್ಲಿನಂತೆ ಬಾಗಿದ ಎರಡು ಲೋಹದ ತುಂಡುಗಳಿರುತ್ತವೆ. ಅವು ಶೂಗಳು. ಶೂವಿನ ಹೊರಮೈಗೆ ಒಂದು ಪಟ್ಟಿಯನ್ನು ರಿವೆಟ್ ಹೊಡೆದೋ, ಅಂಟು ಹಚ್ಚಿ ಬಿಸಿಯಲ್ಲಿ ಗಟ್ಟಿಮಾಡಿಯೋ ಕೂರಿಸಿರುತ್ತಾರೆ. ಪೆಡಲ್ ಒತ್ತಿದಾಗ ಡ್ರಮ್ಮಿಗೆ ಉಜ್ಜಿಕೊಂಡು ಗಾಡಿ ನಿಲ್ಲಿಸುವುದು ಈ ಪಟ್ಟಿ. ಸವೆಯುವುದೂ ಇದೇ. ಇದರ ಹೆಸರು ಲೈನಿಂಗ್, ಮೆಕ್ಯಾನಿಕ್‌ಗಳ ಬಾಯಲ್ಲಿ ಲೈನರ್. ಆದರೆ ಪಟ್ಟಿ ಕೂರಿಸಿದ ಇಡೀ ಶೂವನ್ನೂ ಅವರು ಲೈನರ್ ಅಂತಲೇ ಕರೆಯುತ್ತಾರೆ. ಸಾಲದ್ದಕ್ಕೆ ಎಂಜಿನ್ನಿನ ಸಿಲಿಂಡರ್ ಒಳಗೆ ಕೂರುವ ಕೊಳವೆಯೂ ಲೈನರ್ರೇ.

ಈ ಗೊಂದಲದ ಬೆಲೆ ನನಗೆ ಚೆನ್ನಾಗಿ ಗೊತ್ತು. ನಮ್ಮ ತಂದೆಯ ಕಾಲದ ಕಾರಿಗೆ ‘ಹಿಂದಿನ ಗಾಲಿಗಳ ಲೈನರ್, ಒಂದು ಸೆಟ್’ ಎಂದು ಬರೆದು ತರಿಸಿದೆ. ಬಂದ ಪೆಟ್ಟಿಗೆ ಕೈಗೆತ್ತಿಕೊಂಡಾಗಲೇ ಹಗುರ ಅನ್ನಿಸಿತು. ಬಿಚ್ಚಿದರೆ ಸಾಲಾಗಿ ತೂತು ಕೊರೆದ, ಬಾಗಿದ ನಾಲ್ಕು ಕಂದು ಪಟ್ಟಿಗಳು, ಜೊತೆಗೆ ಹಿತ್ತಾಳೆ ರಿವೆಟ್‌ಗಳ ಒಂದು ಪೊಟ್ಟಣ. ಶೂ ಇಲ್ಲ. ಹೊಸ ಶೂ ಬರುತ್ತವೆಂದು ನಂಬಿ ಹಳೆಯ ನಾಲ್ಕನ್ನೂ ಅಷ್ಟರಲ್ಲಿ ಗುಜರಿಗೆ ಹಾಕಿಬಿಟ್ಟಿದ್ದೆ. ಕಳಿಸಿದವರದು ತಪ್ಪಿಲ್ಲ, ನಾನು ಬರೆದ ಪದಕ್ಕೆ ಸರಿಯಾದ ವಸ್ತುವನ್ನೇ ಕಳಿಸಿದ್ದರು. ಅದೇ ಅಳತೆಯ ಶೂ ಸಿಗುವವರೆಗೆ ಕಾರು ತಿಂಗಳುಗಟ್ಟಲೆ ಜಾಕಿನ ಮೇಲೇ ನಿಂತಿತ್ತು.

ಈಗಿನ ಕಾರಿನವರಿಗೆ ಇದು ಅಷ್ಟಾಗಿ ಕಾಡುವುದಿಲ್ಲ. ಪಟ್ಟಿ ಕೂರಿಸಿದ ಶೂವೇ ಸಿದ್ಧವಾಗಿ ಸಿಗುತ್ತದೆ, ಭಾಗದ ಸಂಖ್ಯೆ ಹೇಳಿದರೆ ಮುಗಿಯಿತು. ತಯಾರಿಕೆ ನಿಂತುಹೋದ ಕಾರಿನ ಮಾತು ಬೇರೆ. ಎಷ್ಟೋ ಸಲ ಶೂ ಎಲ್ಲೂ ಸಿಗುವುದಿಲ್ಲ. ಹಳೇ ಶೂವನ್ನು ಉಜ್ಜಿ ಶುಚಿಮಾಡಿ, ಡ್ರಮ್ಮಿನ ಒಳವ್ಯಾಸ, ಶೂವಿನ ಅಗಲ, ಪಟ್ಟಿಯ ದಪ್ಪ ಅಳೆದುಕೊಟ್ಟು ಹೊಸ ಪಟ್ಟಿ ಹಾಕಿಸುವುದೊಂದೇ ದಾರಿ. ಹಾಗಾಗಿ ಸವೆಯುವುದಕ್ಕೊಂದು, ಉಳಿಸಿಕೊಳ್ಳಬೇಕಾದದ್ದಕ್ಕೊಂದು ಹೆಸರು ಬೇಕೇ ಬೇಕು. ‘ಲೈನರ್ ತೆಗೆದು ಎಸೆಯಿರಿ’ ಎಂದು ನಾನು ಬರೆದರೆ ಓದುಗ ಶೂವನ್ನೇ ಎಸೆದಾನು.

ಮೊದಲು ಹೊಳೆದದ್ದು ಅಸ್ತರು. ಕೋಟಿನ ಲೈನಿಂಗಿಗೆ ದರ್ಜಿಗಳು ಹೇಳುವ ಪದ. ಆದರೆ ಅಸ್ತರು ಒಳಗೆ ಅಡಗಿರುವಂಥದ್ದು, ಹೊರಗಿನ ಉಜ್ಜಾಟಕ್ಕೆ ಸಿಗುವುದು ಹೊರಬಟ್ಟೆ. ಇಲ್ಲಿ ಉಜ್ಜಾಟಕ್ಕೆ ಮೈಯೊಡ್ಡುವುದೇ ಪಟ್ಟಿ. ಆಮೇಲೆ ಲಾಳ. ಗೊರಸಿನ ಬದಲು ತಾನು ಸವೆಯುತ್ತದೆ, ಮೊಳೆ ಹೊಡೆದು ಕೂರಿಸುತ್ತಾರೆ, ಬಾಗಿದ ಆಕಾರವೂ ಹೌದು. ಬಹಳ ಹತ್ತಿರ ಬರುತ್ತದೆ. ಆದರೆ ಲಾಳ ಅಂದ ಕೂಡಲೇ ಕಣ್ಣಿಗೆ ಬರುವುದು ಕಬ್ಬಿಣ. ಬಾಗಿದ ಲೋಹದ ಶೂವನ್ನೇ ಲಾಳ ಎಂದು ತಿಳಿಯುವ ಅಪಾಯ ಉಳಿದೇ ಉಳಿಯುತ್ತದೆ.

ಕೊನೆಗೆ ಮನಸ್ಸು ನಿಂತದ್ದು ಅಟ್ಟೆಯ ಮೇಲೆ. ಚಪ್ಪಲಿಯ ಅಟ್ಟೆ ಸವೆದರೆ ಚಪ್ಪಲಿ ಎಸೆಯುವುದಿಲ್ಲ, ಅಟ್ಟೆ ಹಾಕಿಸುತ್ತೇವೆ. ಶೂ ಎಂಬ ಪದ ಹೇಗೂ ಬಳಕೆಯಲ್ಲಿದೆ. ‘ಶೂ ಉಳಿಸಿಕೊಳ್ಳಿ, ಅಟ್ಟೆ ಹೊಸದು ಹಾಕಿಸಿ’ ಅಂದರೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ‘ಅಟ್ಟೆ ರಿವೆಟ್ಟಿನ ತಲೆಯವರೆಗೆ ಸವೆಯಲು ಬಿಡಬೇಡಿ, ರಿವೆಟ್ ಡ್ರಮ್ಮನ್ನು ಗೀರುತ್ತದೆ’ ಎಂಬ ವಾಕ್ಯವೂ ಸಲೀಸಾಗಿ ಬಂತು. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಅಟ್ಟೆ ಅಂದರೆ ತಲೆಯಿಲ್ಲದ ಮುಂಡ ಎಂಬುದು ಗೊತ್ತು. ಅದು ಈಗಿನ ಓದುಗರಿಗೆ ಅಡ್ಡ ಬರಲಾರದು.

ಈ ಹೋಲಿಕೆಗೆ ಚರಿತ್ರೆಯ ಬೆಂಬಲವೂ ಇದೆ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಪಟ್ಟಿ ಮಾಡುವುದಕ್ಕೆ ಇಳಿದರು. ಮುಂದೆ ಅದೇ ಫೆರೋಡೊ ಕಂಪನಿ. ಇಳಿಜಾರಿನಲ್ಲಿ ಗಾಡಿ ಹೊಡೆಯುವವರು ಮರದ ಬ್ರೇಕಿಗೆ ಹಳೇ ಬೂಟಿನ ತೊಗಲು ಹೊಡೆದುಕೊಳ್ಳುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಬಂತೆಂದು ಕಂಪನಿಯ ಚರಿತ್ರೆ ಹೇಳುತ್ತದೆ. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬ್ರೇಕ್ ಪಟ್ಟಿಯ ಮೂಲವೇ ಮೆಟ್ಟಿನ ತೊಗಲು!

ಇದೇ ಪಟ್ಟಿಯಲ್ಲಿ ಮುಂದೆ ದಶಕಗಳ ಕಾಲ ಬಳಸಿದ ಆಸ್ಬೆಸ್ಟಾಸ್‌ಗೆ ನಮ್ಮಲ್ಲಿ ಕಲ್ನಾರು ಎಂಬ ಎಷ್ಟು ಒಳ್ಳೆಯ ಪದವಿದೆ ನೋಡಿ. ಹಳೇ ಡ್ರಮ್ ಬಿಚ್ಚುವವರಿಗೆ ‘ಕಲ್ನಾರಿನ ಧೂಳು, ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ’ ಎಂದು ಬರೆದಿದ್ದೇನೆ. ಆ ನಾರು ಶ್ವಾಸಕೋಶ ಸೇರುತ್ತದೆ ಎಂಬುದನ್ನು ಪದವೇ ಅರ್ಧ ಹೇಳಿಬಿಡುತ್ತದೆ.

ಇನ್ನೊಂದು ಪದ ‘ಬ್ರೇಕ್ ಆಯಿಲ್’. ಇದನ್ನು ಕೈಬಿಡಲೇಬೇಕು ಎನ್ನುವುದು ನನ್ನ ನಿಲುವು. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುವುದು ಗ್ಲೈಕಾಲ್ ಮೂಲದ ದ್ರವ, ಎಣ್ಣೆಯಲ್ಲ. ಆಯಿಲ್ ಅಂತ ಕೇಳಿ ಯಾರಾದರೂ ನಿಜವಾದ ಎಣ್ಣೆಯನ್ನೇ ಸುರಿದರೆ ಬ್ರೇಕ್ ಸಿಲಿಂಡರ್ ಒಳಗಿನ ರಬ್ಬರ್ ಕಪ್‌ಗಳು ಊದಿಕೊಂಡು ಬ್ರೇಕ್ ಕೆಡುತ್ತದೆ. ಹಸಿರು ಖನಿಜತೈಲವನ್ನೇ ಬೇಡುವ ನಂತರದ ವರ್ಷಗಳ ಸಿಟ್ರೊಯೆನ್ ಡಿಎಸ್‌ನಂಥ ಕಾರುಗಳೂ ಇರುವುದರಿಂದ ವ್ಯತ್ಯಾಸ ಹೇಳುವುದು ಇನ್ನೂ ಮುಖ್ಯ. ‘ಬ್ರೇಕ್ ದ್ರವ’ ಎಂದು ಬರೆಯುತ್ತಿದ್ದೇನೆ. ಪಠ್ಯಪುಸ್ತಕದ ವಾಸನೆ ಇದೆ, ಆದರೂ ಇರಲಿ.

ಈಗ ನನ್ನ ಪ್ರಶ್ನೆಗಳು. ಪಾದರಕ್ಷೆಯ ಆಚೆಗೆ, ಯಾವುದಾದರೂ ಸಲಕರಣೆಯ ಸವೆಯುವ ಪದರಕ್ಕೆ ಅಟ್ಟೆ ಎನ್ನುವುದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಪಟ್ಟಿ ಕಿತ್ತ ಬರಿಯ ಶೂವಿಗೆ ಗ್ಯಾರೇಜಿನವರು ಬೇರೆ ಹೆಸರು ಹೇಳುತ್ತಾರೆಯೇ? ಡಿಸ್ಕ್ ಬ್ರೇಕಿನ ಪ್ಯಾಡನ್ನು ಪ್ಯಾಡ್ ಎಂದೇ ಬಿಡುವುದು ನನ್ನ ಯೋಚನೆ, ಅಲ್ಲಿ ಲೋಹದ ಹಲಗೆ ಸಮೇತ ಬದಲಿಸುತ್ತಾರಾದ್ದರಿಂದ ಗೊಂದಲವಿಲ್ಲ. ಮತ್ತೆ, ದಶಕಗಳ ಹಿಂದೆ ತಯಾರಾಗಿ ಬಳಸದೆ ಪೆಟ್ಟಿಗೆಯಲ್ಲೇ ಉಳಿದ ಭಾಗಕ್ಕೆ ಏನನ್ನೋಣ? ‘ಹಳೇ ಪಾರ್ಟ್’ ಅಂದರೆ ಬಳಸಿ ಬಿಚ್ಚಿದ್ದು ಎಂದಾಗುತ್ತದೆ, ‘ಹೊಸದು’ ಅಂದರೆ ಇಟ್ಟಲ್ಲೇ ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಕಪ್ಪನ್ನೂ ಜನ ನಂಬಿ ಹಾಕಿಸಿಬಿಡುತ್ತಾರೆ.